ಕಿಗ್ಗ: ಚಾಲುಕ್ಯ ಸಾಮ್ರಾಜ್ಯದ ಅಂಚಿನ ಆಳುಪ ನೆಲೆ

ಶೃಂಗೇರಿ ತಾಲ್ಲೂಕಿನ ಕಿಗ್ಗ ಇಂದು ಋಷ್ಯಶೃಂಗೇಶ್ವರನ ಕ್ಷೇತ್ರ. ಮಳೆ ಬಾರದಿದ್ದಾಗ ಜನ ಹರಕೆ ಹೊತ್ತು ಬರುವ ಊರು. ಏಳನೆಯ ಶತಮಾನದಲ್ಲಿ ಇದರ ಹೆಸರು ಕಿಲ್ಗಾನ. ಹಿಂಬದಿಯ ನರಸಿಂಹ ಪರ್ವತದ ಒಂದು ಕಡೆಯ ನೀರು ತುಂಗೆಯನ್ನು ಸೇರಿದರೆ, ಇನ್ನೊಂದು ಕಡೆ ಹುಟ್ಟುವ ಸೀತಾನದಿ ಘಟ್ಟವಿಳಿದು ಬಾರ್ಕೂರಿನ ಬಳಿ ಕಡಲನ್ನು ಸೇರುತ್ತದೆ. ಮುಂದೆ ಆಳುಪರ ರಾಜಧಾನಿಯಾದದ್ದು ಅದೇ ಬಾರ್ಕೂರು. ಘಟ್ಟದ ಮೇಲೂ ಕೆಳಗೂ ಕೈಚಾಚಿದ ಮನೆತನಕ್ಕೆ ಈ ನೆಲ ಏಕೆ ಬೇಕಾಗಿತ್ತೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಆಳುಪರು ಈ ಸೀಮೆಯ ಹಳಬರು. ಕ್ರಿ.ಶ. ಎರಡನೆಯ ಶತಮಾನದಲ್ಲಿ, ರೋಮನ್ ಆಳ್ವಿಕೆಯ ಈಜಿಪ್ಟಿನಲ್ಲಿ ಕುಳಿತು ಭೂಗೋಳ ಬರೆದ ಟಾಲೆಮಿ ಹೆಸರಿಸುವ 'ಒಲೊಖೊಯಿರಾ' ಆಳುಪರ ನಾಡಾದ ಆಳ್ವಖೇಡವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಸುಮಾರು 450ರ ಹಲ್ಮಿಡಿ ಶಾಸನದಲ್ಲೂ ಅವರ ಕುಲದ ಉಲ್ಲೇಖವಿದೆ. 634ರ ಐಹೊಳೆ ಶಾಸನದ ಹೊತ್ತಿಗೆ ಅವರು ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಗೆ ಮಣಿದಿದ್ದರು.

ಮಣಿದವರನ್ನು ಬಾದಾಮಿ ಕಿತ್ತುಹಾಕಲಿಲ್ಲ. ರೋಮನ್ನರು 122ರಲ್ಲಿ ಬ್ರಿಟನ್ನಿನ ಗಡಿಗೆ ಕಲ್ಲುಗೋಡೆ ಎಬ್ಬಿಸಲು ತೊಡಗಿ, ಸ್ಥಳೀಯರ ಹಳ್ಳಿಗಳ ನಡುವೆ ಪಾಳೆಯಗಳನ್ನು ಕಟ್ಟಿದರು. ಮಲೆನಾಡಿನಲ್ಲಿ ಚಾಲುಕ್ಯರು ಹಿಡಿದ ದಾರಿಯೇ ಬೇರೆ: ಗಡಿಯನ್ನು ಗಡಿಯ ಅರಸನಿಗೇ ಒಪ್ಪಿಸಿ, ಅವನ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸಿದರು. ಇದಕ್ಕೆ ಗಟ್ಟಿ ಸಾಕ್ಷಿ ಕಿಗ್ಗದ ಕನ್ನಡ ಶಾಸನಗಳು. ಒಂದರಲ್ಲಿ ಗುಣಸಾಗರನೆಂಬ ಎರಡನೆಯ ಹೆಸರಿನ ಆಳುಪ ದೊರೆ ಆಳುವರಸ ಕದಂಬ ಮಂಡಲವನ್ನು, ಎಂದರೆ ಬನವಾಸಿಯ ನಾಡನ್ನು, ಆಳುತ್ತಿದ್ದಾನೆ. ಅವನ ಮನೆತನದ ಮಹಾದೇವಿ ಮತ್ತು ಚಿತ್ರವಾಹನರ ಹೆಸರೂ ಅಲ್ಲಿ ಬರುತ್ತದೆ. ಇನ್ನೊಂದರಲ್ಲಿ ಚಿತ್ರವಾಹನನೇ ಪೊಂಬುಚ್ಚವನ್ನು, ಇಂದಿನ ಹುಂಚವನ್ನು, ಆಳುತ್ತಿದ್ದಾನೆ. ಕದಂಬರ ಹಳೆಯ ನಾಡು ಕರಾವಳಿಯ ಅರಸರ ಕೈಗೆ ಬಂದದ್ದು ಸಣ್ಣ ಮಾತಲ್ಲ. ಅಂಥ ಅಧಿಕಾರ ಪಡೆದವರು ಕಾಡಿನ ನಡುವಿನ ಕಿಲ್ಗಾನದ ದೇವರನ್ನು ಮರೆಯದೆ ಇಲ್ಲಿ ದತ್ತಿಯ ಕಲ್ಲು ನಿಲ್ಲಿಸಿದರೆಂಬುದು, ನನ್ನ ಎಣಿಕೆಯಲ್ಲಿ, ಆಳುಪರ ಚರಿತ್ರೆಯ ಬಹು ಮುಖ್ಯ ಸಂಗತಿ. ಊರ ದೇವರ ಮನ್ನಣೆಯಿಲ್ಲದೆ ಮಲೆನಾಡಿನಲ್ಲಿ ಯಾರ ಆಳ್ವಿಕೆಯೂ ಬೇರೂರುತ್ತಿರಲಿಲ್ಲ.

ಚಾಲುಕ್ಯರೊಂದಿಗಿನ ನಂಟು ಮದುವೆಯಿಂದ ಬಿಗಿಯಾಯಿತು. ಚಕ್ರವರ್ತಿ ವಿಜಯಾದಿತ್ಯನ ಸೋದರಿ ಕುಂಕುಮದೇವಿ ಚಿತ್ರವಾಹನನ ರಾಣಿ. ಪುಲಿಗೆರೆಯಲ್ಲಿ, ಈಗಿನ ಲಕ್ಷ್ಮೇಶ್ವರದಲ್ಲಿ, ಆಕೆ ಜಿನಾಲಯ ಕಟ್ಟಿಸಿದಳು. 707ರಲ್ಲಿ ವಿಜಯಾದಿತ್ಯ ತಾನೇ ಬನವಾಸಿಗೆ ಬಂದು ಚಿತ್ರವಾಹನನನ್ನು ಕಂಡು, ಆ ಜಿನಾಲಯಕ್ಕೆ ಊರೊಂದನ್ನು ದತ್ತಿ ಬಿಟ್ಟನೆಂದು ಶಿಗ್ಗಾಂವಿಯ ತಾಮ್ರಪಟಗಳು ಹೇಳುತ್ತವೆ. ಸಾಮ್ರಾಟನೇ ಸಾಮಂತನಿದ್ದಲ್ಲಿಗೆ ನಡೆದು ಬಂದನೆಂದರೆ ಆಳುಪರ ತೂಕ ಎಷ್ಟಿತ್ತೆಂದು ಊಹಿಸಬಹುದು.

ಚಿತ್ರವಾಹನನ ನಂತರ ಕರಾವಳಿಯ ಉದ್ಯಾವರದಲ್ಲಿ ಆಳುಪರ ಪಟ್ಟಕ್ಕಾಗಿ ದಾಯಾದಿಗಳು ಕಾದಾಡಿದರು. ಸತ್ತ ಭಟರ ವೀರಗಲ್ಲುಗಳು ಅಲ್ಲಿ ದೊರೆತಿವೆ. ಬಾದಾಮಿಯ ಚಾಲುಕ್ಯರು ಎಂಟನೆಯ ಶತಮಾನದ ನಡುವಿನಲ್ಲಿ ರಾಷ್ಟ್ರಕೂಟರಿಗೆ ಸೋತು ಮರೆಯಾದರು. ಆಳುಪರಾದರೋ ಹದಿನಾಲ್ಕನೆಯ ಶತಮಾನದವರೆಗೂ ಕರಾವಳಿಯಲ್ಲಿ ಉಳಿದರು.