ಕುಂಚ ಹಿಡಿದ ಯಜಮಾನ

ಗಡಹಿಂಗ್ಲಜ ಕಡೆಯ ನಾವು ಮನೆಯೊಳಗ ಕನ್ನಡ, ಸಂತೆಯೊಳಗ ಮರಾಠಿ ಆಡೂ ಮಂದಿ. ನಮ್ಮವರು ದುಡಿಯಾಕ ಇಚಲಕರಂಜಿಗೆ ಹೋಗೂದು ಹೊಸದಲ್ಲ. 1904ರಲ್ಲಿ ವಿಠ್ಠಲರಾವ ದಾತಾರ ಅವರು ಅಲ್ಲಿ ಮೊದಲ ಯಂತ್ರಮಗ್ಗ ಹೂಡಿದರು. ಮುಂದೆ ಊರಿಗೆ ಊರೇ ಮಗ್ಗದ ಸಪ್ಪಳ ಆತು.

ನಾನೂ ಅಲ್ಲಿ ಒಂದು ಕಾರಖಾನೆಯೊಳಗ ಸೀರೆ ಅಂಚಿನ ಡಿಸೈನ್ ಬರೆಯುವ ಕೆಲಸಕ್ಕಿದ್ದೆ. ಚೌಕಳಿ ಕಾಗದದ ಮೇಲೆ ಒಂದು ಮನೆ ತಪ್ಪಿ ತುಂಬಿದರ ಅಂಚಿನುದ್ದಕ್ಕೂ ಅದೇ ತಪ್ಪು. ಹತ್ತು ವರ್ಷದ ಮೇಲೆ ನನ್ನನ್ನು ಹನ್ನೆರಡು ಮಂದಿಗೆ ಮುಖ್ಯಸ್ಥನನ್ನಾಗಿ ಮಾಡಿದರು. ಹಗಲೆಲ್ಲ ಹಾಜರಿ, ನೂಲಿನ ಲೆಕ್ಕ, ಜಗಳ ಬಿಡಿಸೂದು. ರಾತ್ರಿ ಕುಂತು ಹುಡುಗರು ಬರೆದದ್ದನ್ನ ಅಳಿಸಿ ನಾನೇ ಮತ್ತೆ ಬರಿತಿದ್ದೆ. ಒಂದು ದಿನ ಅವರೊಳಗ ಚಲೋ ಕೈಯಿದ್ದ ಹುಡುಗ, "ನಾ ಬರದರೇನ್ರಿ, ನೀವು ಅಳಸೂದು ಇದ್ದೇ ಐತಿ" ಅಂದವನೇ ಕೆಲಸ ಬಿಟ್ಟ. ಮುಂದೆ ಕೊಲ್ಲಾಪುರದ ಬಾಬುರಾವ್ ಪೇಂಟರ್ ಅವರ ಇತಿಹಾಸ ಓದುವಾಗ ಆ ಮಾತು ಮತ್ತೆ ಮತ್ತೆ ನೆನಪಾತು.

ಬಾಬುರಾವ್ ಹುಟ್ಟಿದ್ದು 1890ರಲ್ಲಿ, ಮೇಸ್ತ್ರಿಗಳ ಮನೆತನದಲ್ಲಿ. ಅಣ್ಣನಂತಿದ್ದ ಆನಂದರಾವ್ ಜೊತೆ ನಾಟಕ ಕಂಪನಿಗಳಿಗೆ ಪರದೆ ಬರೆದರು. ಸಿನೆಮಾದ ಹುಚ್ಚು ಹತ್ತಿದಾಗ ಇಬ್ಬರೂ ಕ್ಯಾಮೆರಾವನ್ನೇ ಕೈಯಿಂದ ಕಟ್ಟಲು ಕುಳಿತರು. 1916ರಲ್ಲಿ ಆನಂದರಾವ್ ತೀರಿಕೊಂಡರೂ ಬಾಬುರಾವ್ ಕೆಲಸ ಬಿಡಲಿಲ್ಲ. ಕ್ಯಾಮೆರಾ ಸಿದ್ಧವಾತು, ಮಹಾರಾಷ್ಟ್ರ ಫಿಲ್ಮ್ ಕಂಪನಿ ಹುಟ್ಟಿತು, 1920ರಲ್ಲಿ 'ಸೈರಂಧ್ರಿ' ತೆರೆಗೆ ಬಂತು.

ಯಜಮಾನರಾದರೂ ಅವರ ಕೈಯೊಳಗಿನ ಕುಂಚ ಕೆಳಗಿಳಿಯಲಿಲ್ಲ. ಪಾತ್ರದ ವೇಷ ಹೆಂಗಿರಬೇಕು, ದೃಶ್ಯ ಹೆಂಗ ಕಾಣಬೇಕು ಅಂತ ಮೊದಲೇ ಚಿತ್ರ ಬರೆದಿಡುತ್ತಿದ್ದರು. ಬರೇ ಬಣ್ಣದ ಪರದೆ ಸಾಲದು ಅಂತ ನಿಜವಾದ ಕಟ್ಟಡದಂಥ ಸೆಟ್ ಹಾಕಿಸಿದರು. ಪೋಸ್ಟರೂ ಅವರದೇ ಕೈ. 1925ರ 'ಸಾವಕಾರಿ ಪಾಶ'ದಲ್ಲಿ ಸಾಲಕ್ಕೆ ಹೊಲ ಕಳಕೊಂಡ ರೈತನ ಪಾಡು ತೋರಿಸಿದರು. ಆ ರೈತನಾಗಿ ನಿಂತವನು ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದೊಳಗ ದುಡಿದು ಬಂದಿದ್ದ ಹುಡುಗ ಶಾಂತಾರಾಮ.

ಎಲ್ಲಾ ತಾವೇ ಹಿಡಕೊಂಡು ಕುಂತರು ಅನ್ನೂದು ಮಾತ್ರ ನ್ಯಾಯ ಆಗೂದಿಲ್ಲ. 1927ರ 'ನೇತಾಜಿ ಪಾಲ್ಕರ್' ಚಿತ್ರದ ನಿರ್ದೇಶನ ಶಾಂತಾರಾಮರಿಗೆ ಸಿಕ್ಕಿತು. ಮರುವರ್ಷ 'ಮಹಾರಥಿ ಕರ್ಣ' ದಾಮ್ಲೆ ಮತ್ತು ಫತ್ತೇಲಾಲ್ ಅವರಿಗೆ. ಆದರೂ 1929ರಲ್ಲಿ ಈ ಮೂವರೂ ಹೊರಬಿದ್ದು, ಧಾಯ್ಬರ್ ಮತ್ತು ಸೀತಾರಾಮ ಕುಲಕರ್ಣಿ ಅವರ ಜೊತೆ ಕೊಲ್ಲಾಪುರದಲ್ಲೇ ಪ್ರಭಾತ್ ಕಂಪನಿ ಕಟ್ಟಿದರು. ಗುರುವಿನ ಕಂಪನಿ ಬಾಳ ದಿನ ಉಳಿಯಲಿಲ್ಲ.

ಪ್ರಭಾತದ ರೀತಿ ಬ್ಯಾರೆ ಇತ್ತು ನೋಡ್ರಿ. ಐದೂ ಮಂದಿ ಪಾಲುದಾರರು. ನಿರ್ದೇಶನ ಶಾಂತಾರಾಮರದು, ಮಾತಿನ ಚಿತ್ರ ಬಂದ ಮೇಲೆ ಶಬ್ದ ದಾಮ್ಲೆಯವರದು, ಸೆಟ್ಟು ಫತ್ತೇಲಾಲರದು, ಕ್ಯಾಮೆರಾ ಧಾಯ್ಬರರದು, ಬಂಡವಾಳ ಕುಲಕರ್ಣಿಯವರದು. ಯಾರೂ ಕೈಕೆಲಸ ಬಿಟ್ಟು ಬರೇ ಸಾಹೇಬರಾಗಲಿಲ್ಲ. ಯಾರೂ ಎಲ್ಲಾ ಕೆಲಸ ತಮ್ಮೊಬ್ಬರ ಮೇಲೆ ಹಾಕೊಳ್ಳಲೂ ಇಲ್ಲ. 1933ರಲ್ಲಿ ಪ್ರಭಾತ್ ಪುಣೆಗೆ ಹೋತು. ಅಲ್ಲಿ ದಾಮ್ಲೆ, ಫತ್ತೇಲಾಲ್ ಕೂಡಿ 1936ರಲ್ಲಿ 'ಸಂತ ತುಕಾರಾಮ' ಮಾಡಿದರು. ವೆನಿಸ್ಸಿನವರೂ ಅದನ್ನು ಮೆಚ್ಚಿದರು.

ಕೊಲ್ಲಾಪುರದ ಈ ಪರಂಪರೆ ಕನ್ನಡಕ್ಕೂ ನೆರವಾತು. ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ. ಬಾಬುರಾವ್ ಕೊನೆಗಾಲಕ್ಕ ಚಿತ್ರ, ಶಿಲ್ಪಕ್ಕೆ ಮರಳಿ 1954ರಲ್ಲಿ ತೀರಿಕೊಂಡರು. ಕಂಪನಿ ಉಳಿಯಲಿಲ್ಲ ಖರೆ, ಅವರ ಕೈಯಾಗ ಪಳಗಿದ ಕೈಗಳು ಉಳಿದವು.

ಇದನ್ನೆಲ್ಲ ಓದಿದ ಮೇಲೆ ನಾನೂ ಒಂದು ಕಟ್ಟುಪಾಡು ಹಾಕೊಂಡೆ. ತಿಂಗಳಿಗೆ ಒಂದು ಅಂಚು ಮಾತ್ರ ನನ್ನದು. ಉಳಿದದ್ದು ಬರೆದವರ ಹೆಸರಿಗೆ. ತಪ್ಪು ಕಂಡರ ಅಳಿಸಲಿಲ್ಲ, ಪಕ್ಕದಾಗ ಪೆನ್ಸಿಲ್ಲಿಂದ ಗುರುತು ಹಾಕಿ ಅವರನ್ನೇ ಕರೆದೆ. ಮೊದಮೊದಲು ನನ್ನ ಕೈ ತಡೀತಿರಲಿಲ್ಲ, ಆಮೇಲೆ ರೂಢಿ ಆತು. ಬಿಟ್ಟು ಹೋದ ಆ ಹುಡುಗ ಮಾತ್ರ ತಿರುಗಿ ಬರಲಿಲ್ಲ.