ಕಂಟೋನ್ಮೆಂಟಿನಲ್ಲಿ ಪ್ರವಾದಿಗಳ ಓದು

ಬೆಂಗಳೂರಿನ ಶಿವಾಜಿನಗರದಿಂದ ಕೆ.ಆರ್.ಪುರದವರೆಗೆ ಎಷ್ಟೋ ಕ್ರೈಸ್ತ ಮನೆಗಳ ಗೋಡೆಯಲ್ಲಿ ಯೆರೆಮೀಯ 29ನೇ ಅಧ್ಯಾಯದ 11ನೇ ವಚನ ತೂಗುತ್ತದೆ. ಕೆಲಸ, ಮದುವೆ, ವೀಸಾ ಎಲ್ಲಕ್ಕೂ ಒಳ್ಳೆಯ ಭವಿಷ್ಯದ ಅದೇ ಆಶ್ವಾಸನೆ. ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರ. ಬಿಡುಗಡೆಗೆ 70 ವರ್ಷ ಕಾಯಬೇಕೆಂದು ಹಿಂದಿನ ವಚನವೇ ಹೇಳುತ್ತದೆ. ತೀರ್ಪನ್ನು ಬಿಟ್ಟು ಭರವಸೆಯನ್ನಷ್ಟೇ ಹೆಕ್ಕುವ ಈ ಓದು ಹಬ್ಬುತ್ತಿರುವಾಗ, ಇದೇ ಊರಿನಲ್ಲಿ ನಡೆದ ಅಧ್ಯಯನವನ್ನು ನೆನೆಯಲೇಬೇಕು.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1830ರ ದಶಕದ ಆರಂಭದಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಗ ಪ್ರವಾದಿಗಳೆಂದರೆ ಮುಖ್ಯವಾಗಿ ಕ್ರಿಸ್ತನ ಬರವನ್ನು ಮುಂತಿಳಿಸಿದವರು. 1910ರಲ್ಲಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಾಲಜಿಕಲ್ ಕಾಲೇಜು ಆರಂಭವಾಗುವ ಹೊತ್ತಿಗೆ ಜರ್ಮನಿಯ ಬೈಬಲ್ ವಿಮರ್ಶಕ ಬರ್ನ್‌ಹಾರ್ಡ್ ಡೂಮ್ ಯೆಶಾಯನ ಗ್ರಂಥದಲ್ಲಿ ಮೂರು ಕಾಲಘಟ್ಟಗಳನ್ನು ಗುರುತಿಸಿಯಾಗಿತ್ತು. ಆ ವಿಮರ್ಶೆಯಿಂದ ಯಾವ ಮಾತು ಯಾವ ಕಾಲದ್ದೆಂಬ ವಿವೇಕ ಬಂತು. ಆದರೆ ಆಮೋಸನ ಕೊನೆಯ ಐದು ಭರವಸೆಯ ವಚನಗಳು ನಂತರದ ಸೇರ್ಪಡೆ ಎಂದು ಬದಿಗಿಡುವ ಅವಸರವೂ ಬಂತು. ಸೇರಿಸಿದವರು ಯಾಕೆ ಸೇರಿಸಿದರು ಎಂಬುದೇ ದೊಡ್ಡ ಪ್ರಶ್ನೆ.

ನಿಜವಾದ ತಿರುವು ಬಂದದ್ದು ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿ. 1957ರಲ್ಲಿ ಪಿ.ಡಿ. ದೇವನಂದನ್ ನೇತೃತ್ವದಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದು ಹುಟ್ಟಿತು. ಅವರ ನಂತರ ಬಂದ ಎಂ.ಎಂ. ಥಾಮಸ್ ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿ ಬರೆದರು. ಅರಸನೆದುರು ನಿಂತ ಪ್ರವಾದಿ ನಮ್ಮ ತಲೆಮಾರಿಗೆ ಅರ್ಥವಾದದ್ದು ಆಗಲೇ. ಹಚಿನ್ಸ್ ರಸ್ತೆಯಲ್ಲಿ ಕೆಥೋಲಿಕ ಪಾದ್ರಿ ಅಮಲೋರ್ಪವದಾಸ್ 1967ರಲ್ಲಿ ಕಟ್ಟಿದ ಬೈಬಲ್, ಧರ್ಮಶಿಕ್ಷಣ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರ (ಎನ್‌ಬಿಸಿಎಲ್‌ಸಿ) ಕೆಥೋಲಿಕರಲ್ಲಿ ಬೈಬಲ್ ಓದಿಗೆ ಹೊಸ ಹುರುಪು ತಂದಿತು. 1981ರಲ್ಲಿ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಬಗ್ಗೆ ಮಾತಾಡಿದರು. ದಲಿತ ದೈವಶಾಸ್ತ್ರಕ್ಕೆ ಅದೇ ನಾಂದಿ. ಮುಂದೆ ಅವರು ಯೆಶಾಯನ ನೊಂದ ಸೇವಕನಲ್ಲಿ ದಲಿತರ ದೇವರನ್ನು ಕಂಡರು. ಇದಕ್ಕಿಂತ ಆಳವಾದ ಯೆಶಾಯನ ಓದು ಈ ನಾಡಿನಲ್ಲಿ ಇನ್ನೂ ಬಂದಿಲ್ಲವೆಂದೇ ನನ್ನ ನಂಬಿಕೆ.

ಆದರೂ ನಮ್ಮ ಗಮನ ಅನ್ಯಾಯದ ವಿರುದ್ಧ ಆಮೋಸನಿಗಿದ್ದ ಸಿಟ್ಟಿನ ಕಡೆಗೇ ಹೆಚ್ಚು ವಾಲಿತು. ಯೆರೆಮೀಯ 32ನೇ ಅಧ್ಯಾಯದ ಮೇಲೆ ನಾವು ಇನ್ನಷ್ಟು ಹೊತ್ತು ಕೂರಬೇಕಿತ್ತು. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ನಗರ ಬೀಳುತ್ತದೆಂದು ಸಾರಿದ ಪ್ರವಾದಿ ಬಂಧನದಲ್ಲಿದ್ದಾನೆ. ಅವನೇ 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಅನಾತೋತಿನ ಹೊಲ ಕೊಳ್ಳುತ್ತಾನೆ, ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ತೀರ್ಪು ಸುಳ್ಳಾಗಲಿಲ್ಲ, ನಗರ ಬಿದ್ದೇ ಬಿತ್ತು. ಆ ತೀರ್ಪನ್ನು ಒಪ್ಪಿಕೊಂಡವನ ಭರವಸೆಗೆ ಮಾತ್ರ ಈ ತೂಕವಿರುತ್ತದೆ. ಹೊಲಗಳೆಲ್ಲ ಲೇಔಟ್‌ಗಳಾದ ಕೆ.ಆರ್.ಪುರದ ಕಡೆಯವರಿಗೆ ಕ್ರಯಪತ್ರದ ಬೆಲೆಯನ್ನು ಯಾರೂ ವಿವರಿಸಬೇಕಿಲ್ಲ. ಬಡವರ ಹೊಲಮನೆ ಕಬಳಿಸುವವರನ್ನು ಮೀಕ ಖಂಡಿಸಿದ್ದೂ ಅವರಿಗೆ ನೇರವಾಗಿ ತಟ್ಟುತ್ತದೆ.

ಈ ಅಧ್ಯಯನ ಬಹುಪಾಲು ಇಂಗ್ಲಿಷಿನಲ್ಲೇ ನಡೆಯಿತು. ಮಂಗಳೂರಿನಲ್ಲಿ 1965ರಲ್ಲಿ ಆರಂಭವಾದ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಕನ್ನಡದಲ್ಲಿ ಕಲಿಸುವ ದಾರಿ ತೋರಿಸಿತು. ಕಂಟೋನ್ಮೆಂಟಿನ ವಿದ್ವಾಂಸರು ಆ ದಾರಿ ಹಿಡಿದದ್ದು ಕಡಿಮೆ. ಹಲಸೂರಿನ ಸಭೆಯ ಬೋಧಕನಿಗೆ ಭಾನುವಾರ ಬೇಕಾಗಿರುವುದು ನಿರ್ಮಲ್, ಥಾಮಸ್ ಇಬ್ಬರನ್ನೂ ಅರಗಿಸಿಕೊಂಡ ಕನ್ನಡದ ಒಂದು ಯೆರೆಮೀಯ ವ್ಯಾಖ್ಯಾನ. ಮುಂದಿನ ತಲೆಮಾರಿನ ಮೊದಲ ಕೆಲಸ ಅದೇ ಆಗಲಿ.