ಬಿಸಿನೀರಿನ ಬಣ್ಣ: ಹಂಡೆಯಿಂದ ಗೀಸರಿನವರೆಗೆ

ಕನ್ನಡನಾಡಿನ ಬಚ್ಚಲುಮನೆಗಳಲ್ಲಿ ಬಹುಕಾಲ ನೀರು ಕಾದದ್ದು ತಾಮ್ರದ ಹಂಡೆಯಲ್ಲಿ. ಒಲೆಯೊಳಗೆ ಕಂಠದವರೆಗೆ ಹೂತು ಕೂರಿಸಿದ ಈ ಪಾತ್ರೆಯ ಹೊರಮೈ ಮಸಿಗಟ್ಟಿ ಕಪ್ಪಾಗಿರುತ್ತಿತ್ತಾದರೂ, ಬಾಯಿ ಅಗಲವಾಗಿದ್ದುದರಿಂದ ನೀರು ತೋಡುವವರ ಕಣ್ಣಿಗೆ ಒಳಮೈ ದಿನವೂ ಬೀಳುತ್ತಿತ್ತು. ನೀರು ಬಣ್ಣಗೆಟ್ಟರೆ ಕಾರಣವನ್ನು ಊಹಿಸಬೇಕಾಗಿರಲಿಲ್ಲ; ಹಸಿರು ಕಂಡರೆ ಅದು ಕಿಲುಬು, ಅಂದರೆ ತೇವ ಮತ್ತು ಗಾಳಿಯ ಸಂಪರ್ಕದಿಂದ ತಾಮ್ರದ ಮೇಲೆ ಕೂಡುವ ಲವಣದ ಪದರ; ಕೆಂಪಾದರೆ ಬಾವಿಯ ಮಣ್ಣು; ಕಪ್ಪು ಚೂರು ತೇಲಿದರೆ ಒಲೆಯ ಮಸಿ.

ದೀಪಾವಳಿಯ ಮೊದಲಿನ ಸಂಜೆ ಬರುವ ನೀರು ತುಂಬುವ ಹಬ್ಬದಂದು ಹಂಡೆಯನ್ನು ಬರಿದುಮಾಡಿ, ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ನೀರು ತುಂಬಿ ಪೂಜಿಸಿ, ಮರುದಿನ ನಸುಕಿನಲ್ಲಿ ಆ ನೀರಿನಿಂದಲೇ ಎಣ್ಣೆಸ್ನಾನ ಮಾಡುವುದು ರೂಢಿ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಕಿಲುಬನ್ನು ಕರಗಿಸುತ್ತದೆ. ಹಬ್ಬ ಹುಟ್ಟಿದ್ದೇ ಇದಕ್ಕಾಗಿ ಎಂದು ವಾದಿಸುವುದು ಅತಿಯಾದೀತು. ಆದರೂ ವರ್ಷಕ್ಕೊಮ್ಮೆಯಾದರೂ ಹಂಡೆಯ ತಳ ಬೆಳಕು ಕಾಣುವಂತೆ ಅದು ನೋಡಿಕೊಂಡಿತು.

ಈ ನೇರ ನೋಟಕ್ಕೆ ಮೊದಲು ಅಡ್ಡಬಂದದ್ದು ಕೊಳವೆ. ಬೆಂಗಳೂರಿಗೆ 1890ರ ದಶಕದಲ್ಲಿ ಹೆಸರಘಟ್ಟದಿಂದಲೂ 1933ರಿಂದ ತಿಪ್ಪಗೊಂಡನಹಳ್ಳಿಯಿಂದಲೂ ನಲ್ಲಿ ನೀರು ಬಂದಿತು. ಮನೆಗಳೊಳಗೆ ಕ್ರಮೇಣ ಹರಡಿದ್ದು ಜಿಐ ಪೈಪು, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಕೊಳವೆ. ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಒಂದು ಲೋಹವನ್ನು ಬಲಿಕೊಟ್ಟು ಇನ್ನೊಂದನ್ನು ಉಳಿಸುವ ಈ ತತ್ತ್ವವನ್ನು 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ಹಡಗುಗಳ ತಾಮ್ರದ ಹೊದಿಕೆಯನ್ನು ಕಾಪಾಡುವುದಕ್ಕಾಗಿ ವಿವರಿಸಿದ್ದನು. ಆದರೆ ನೀರಿನ ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೆಲವು ಬಗೆಯ ನೀರಿನಲ್ಲಿ ಈ ಸಂಬಂಧ ತಲೆಕೆಳಗಾಗಿ, ಕಾಯಬೇಕಾದ ಸತುವೇ ಕಬ್ಬಿಣ ಸವೆಯಲು ಕಾರಣವಾಗುತ್ತದೆ. ತಣ್ಣೀರಿನಲ್ಲಿ ಬಾಳಿಕೆ ಬಂದ ಪೈಪು ಬಿಸಿನೀರಿನಲ್ಲಿ ಬೇಗ ತುಕ್ಕು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ಅಡ್ಡಿ ಗೀಸರು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಘನ್ ರೂಪಿಸಿದ ಅನಿಲದ ಉಪಕರಣಕ್ಕೆ ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯ ಹೆಸರು ಬಂದಿತು. ನೀರನ್ನು ಕಾಯಿಸಿ ಕೂಡಿಡುವ ಸ್ವಯಂಚಾಲಿತ ತೊಟ್ಟಿಯನ್ನು 1889ರಲ್ಲಿ ಅಮೆರಿಕದಲ್ಲಿ ಎಡ್ವಿನ್ ರೂಡ್ ರೂಪಿಸಿದನು. ಭಾರತದ ಮನೆಗಳಿಗೆ ಬಂದ ವಿದ್ಯುತ್ ಗೀಸರು ಈ ಎರಡನೆಯ ಬಗೆಯದು. ಅನೇಕ ಗೀಸರುಗಳ ಉಕ್ಕಿನ ತೊಟ್ಟಿಯೊಳಗೆ ಇಳಿಬಿಟ್ಟಿರುವ ಮೆಗ್ನೀಸಿಯಮ್ ಸಲಾಕೆಯು ಡೇವಿಯ ತತ್ತ್ವದಂತೆಯೇ ಉಕ್ಕಿಗೆ ಬದಲಾಗಿ ಸವೆಯುತ್ತದೆ. ಅದು ಪೂರ್ತಿ ಕರಗಿದ ಮೇಲೆ ತುಕ್ಕಿನ ಸರದಿ. ಹಂಡೆಯಲ್ಲಿ ಪಾತ್ರೆಯನ್ನು ನೋಡಿ ನೀರನ್ನು ತಿಳಿಯುತ್ತಿದ್ದವರು ಇಲ್ಲಿ ನೀರನ್ನು ನೋಡಿ ಪಾತ್ರೆಯನ್ನು ತಿಳಿಯಬೇಕಾಯಿತು.

ಹೀಗೆ ಬೆಳೆದ ಪರೀಕ್ಷಾಕ್ರಮದ ಮೊದಲ ಹೆಜ್ಜೆ ತಣ್ಣೀರಿನ ನಲ್ಲಿಯನ್ನೂ ಬಿಸಿನೀರಿನ ನಲ್ಲಿಯನ್ನೂ ಹೋಲಿಸುವುದು. ಎರಡರಲ್ಲೂ ಬಣ್ಣವಿದ್ದರೆ ದೋಷ ಗೀಸರಿಗಿಂತ ಹಿಂದೆ, ಮೇಲಿನ ಟ್ಯಾಂಕಿನಲ್ಲಿಯೋ ಮೂಲದಲ್ಲಿಯೋ ಇರುವ ಸಾಧ್ಯತೆ ಹೆಚ್ಚು. ಬಿಸಿನೀರು ಮಾತ್ರ ಕೆಂಪಾಗಿದ್ದು ನಾಲ್ಕು ಚೊಂಬು ಹರಿದ ಮೇಲೆ ತಿಳಿಯಾದರೆ ಶಂಕೆ ಪೈಪಿನ ಮೇಲೆ. ಬಕೆಟ್ಟು ತುಂಬಿದರೂ ಕೆಂಪು ಹೋಗದಿದ್ದರೆ ತೊಟ್ಟಿಯ ಮೇಲೆ. ಈ ತೀರ್ಪು ಅವಸರದ್ದಾಗುವುದೂ ಉಂಟು. ಆಳದ ಬೋರ್‌ವೆಲ್ಲಿನ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಕಬ್ಬಿಣವು ಬಣ್ಣವಿಲ್ಲದೆ ಕರಗಿರುತ್ತದೆ, ಗಾಳಿಯೂ ಕಾವೂ ತಗುಲಿದಾಗ ಕಂದಾಗುತ್ತದೆ. ಆಗ ನಿರಪರಾಧಿಯಾದ ಗೀಸರೇ ಅಪರಾಧಿಯಂತೆ ಕಾಣುತ್ತದೆ. ತಣ್ಣೀರನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ತೆರೆದಿಟ್ಟು, ಬೆಳಗಿಗೆ ಅದು ಹಳದಿಗೆ ತಿರುಗಿದೆಯೇ ಎಂದು ನೋಡಿದರೆ ನಿಜ ತಿಳಿಯುತ್ತದೆ.

ಹಾಲಿನಂತೆ ಬಿಳುಪಾದ ನೀರಿಗೆ ಗಾಜಿನ ಲೋಟವೊಂದು ಸಾಕು. ಬಿಳುಪು ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಕಾದ ನೀರಿನಿಂದ ಹೊರಬಿದ್ದ ಗಾಳಿಯ ಗುಳ್ಳೆ, ನಿರಪಾಯ. ಮೇಲಿನಿಂದ ತಿಳಿಯಾಗಿ ತಳದಲ್ಲಿ ಬಿಳಿ ಪುಡಿ ನಿಂತರೆ ಅದು ಗಡಸು ನೀರಿನ ಸುಣ್ಣ. ಬಯಲುಸೀಮೆಯ ಬೋರ್‌ವೆಲ್ ನೀರು ಕುಡಿಯುವ ಗೀಸರುಗಳಲ್ಲಿ, ಜನ ‘ಉಪ್ಪು ಕಟ್ಟಿದೆ’ ಎನ್ನುವ ಈ ಪದರವೇ ಕಾಯಿಸುವ ಕಾಯ್ಲನ್ನು ಮುಚ್ಚಿ ಸುಡಿಸುತ್ತದೆ. ಕಪ್ಪು ಚೂರುಗಳು ಮ್ಯಾಂಗನೀಸಿನವೂ ಆಗಿರಬಹುದು, ಹಳೆಯ ರಬ್ಬರ್ ವಾಷರಿನವೂ ಆಗಿರಬಹುದು. ಬಚ್ಚಲಲ್ಲಿ ನೀಲಿ-ಹಸಿರು ಕಲೆ ಕಂಡರೆ ಹಂಡೆಯ ಕಾಲದ ತಾಮ್ರವೇ ಕೊಳವೆಯ ರೂಪದಲ್ಲಿ ಮರಳಿದೆಯೆಂದು ತಿಳಿಯಬೇಕು.

ನೀರು ತುಂಬುವ ಹಬ್ಬದ ಸಂಜೆ ಗೀಸರಿಗೇ ಕುಂಕುಮವಿಟ್ಟು ಕೈಮುಗಿಯುವ ಮನೆಗಳು ನಗರಗಳಲ್ಲಿವೆ. ತೊಟ್ಟಿಯ ತಳದ ಗಸಿಯನ್ನು ಹೊರಬಿಡುವ, ಸಲಾಕೆ ಎಷ್ಟು ಉಳಿದಿದೆಯೆಂದು ಬಿಚ್ಚಿ ನೋಡುವ ಕೆಲಸ ಮಾತ್ರ ನೀರು ಕೆಂಪಾಗುವವರೆಗೂ ಕಾದಿರುತ್ತದೆ.